ಗಿಟಾರ್ ಕಲಿಕೆ: ತಾನಾಗಿಯೋ, ಗುರುಮುಖದಿಂದಲೋ?



ಕಳೆದ ಮಾಗಿಯಲ್ಲಿ ಪ್ರವಚನದ ನಿಮಿತ್ತ ಕಾರವಾರದ ಕಡೆಗೆ ಹೋಗಿದ್ದ ನಾವು, ಮರಳುವ ದಾರಿಯಲ್ಲಿ ಅಂಕೋಲೆ ತಾಲ್ಲೂಕಿನ ಬೇಲೆಕೇರಿಯಲ್ಲಿ ಒಂದು ರಾತ್ರಿ ತಂಗಿದ್ದೆವು. ಕಬ್ಬಿಣದ ಅದಿರಿನ ಪ್ರಕರಣದಿಂದಾಗಿ 2010ರಲ್ಲಿ ಈ ಪುಟ್ಟ ಬಂದರಿನ ಹೆಸರು ಪತ್ರಿಕೆಗಳಲ್ಲಿ ಮೊಳಗಿದ್ದನ್ನು ಬಲ್ಲವರು ಅನೇಕರು. ಅಲ್ಲಿನ ಶಾಂತವಾದ ಕಡಲನ್ನೂ ದಂಡೆಗೆ ಎಳೆದಿಟ್ಟ ದೋಣಿಗಳನ್ನೂ ಕಂಡವರು ಕಡಿಮೆ. ಹಾವೇರಿಯ ಸೀಮೆಯಿಂದ ವರ್ಗವಾಗಿ ಬಂದು ಅಲ್ಲಿಯೇ ನೆಲೆನಿಂತ ಶಿಕ್ಷಕ ದಂಪತಿಗಳ ಮನೆಯಲ್ಲಿ ನಮ್ಮ ವಸತಿ. ಘಟ್ಟದ ಕೆಳಗೆ ನಮ್ಮ ಸಮಾಜದ ಮನೆಗಳು ವಿರಳವಾದುದರಿಂದಲೋ ಏನೋ, ಅವರ ಆದರಕ್ಕೆ ಮಿತಿಯಿರಲಿಲ್ಲ.

ಪೂಜೆ ಪ್ರಸಾದಗಳು ಮುಗಿದು ನಾವು ಜಗುಲಿಯಲ್ಲಿ ಕುಳಿತಿರುವಾಗ ಒಳಕೋಣೆಯಿಂದ ತಂತಿಯ ನಾದವೊಂದು ಕೇಳಿಸಿತು. ಒಂದು ಹಾಡಿನ ಮೊದಲ ತುಣುಕು; ಮತ್ತೆ ಅದೇ; ಮತ್ತೆ ಅದೇ. ಒಂದು ಕಡೆಗೆ ಬಂದು ಪ್ರತಿಸಲವೂ ಎಡವುತ್ತಿತ್ತು. ಪಿ.ಯು.ಸಿ. ಓದುತ್ತಿರುವ ಮಗನು ನಾಲ್ಕು ತಿಂಗಳಿಂದ ಗಿಟಾರ್ ಹಿಡಿದಿದ್ದಾನೆ ಎಂದು ತಂದೆಯವರು ತಿಳಿಸಿದರು. ಮೊಬೈಲಿನಲ್ಲಿ ನೋಡಿ ತಾನೇ ಕಲಿಯುತ್ತಾನೆ. ಅಂಕೋಲೆಗೋ ಕಾರವಾರಕ್ಕೋ ಕಳುಹಿಸಿ ಕ್ರಮವಾಗಿ ಪಾಠ ಹೇಳಿಸಬೇಕೆಂಬುದು ಅವರ ಹಟ. ಬೇಡವೆಂಬುದು ಮಗನ ಹಟ. “ಶಾಸ್ತ್ರಿಗಳೆ, ತಾವೇ ತೀರ್ಮಾನ ಹೇಳಿಬಿಡಿ” ಎಂದರು.

ಗುರುವಿಲ್ಲದೆ ವಿದ್ಯೆಯಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ನಮ್ಮಂತಹ ಮಠದಲ್ಲಿ ಬೆಳೆದವರಿಗೆ ಅತಿ ಸುಲಭ. ನಾಲಿಗೆಯ ತುದಿಗೆ ಅದು ಬಂದೂ ಇತ್ತು. ಆದರೆ ಅಷ್ಟು ಹೊತ್ತು ಸುಮ್ಮನಿದ್ದ ತಾಯಿಯವರು ಬಾಗಿಲ ಮರೆಯಿಂದ ಒಂದು ಮಾತು ಹೇಳಿದರು. ಹಿರಿಯ ಮಗಳನ್ನು ಒಂಬತ್ತನೆಯ ವಯಸ್ಸಿನಲ್ಲಿ, ಅವರು ಬೇರೆ ಊರಿನಲ್ಲಿದ್ದಾಗ, ಹಾಡು ಕಲಿಯಲು ಕಳುಹಿಸಿದ್ದರಂತೆ. ಶ್ರುತಿ ತಪ್ಪಿತೆಂದು ಆ ಶಿಕ್ಷಕರು ಎಲ್ಲ ಮಕ್ಕಳ ಮುಂದೆ ಅವಳ ದನಿಯನ್ನು ಅಣಕಿಸಿ ನಗಿಸಿದರಂತೆ. ಅಂದಿನಿಂದ ಆ ಮಗು ಮನೆಯ ಭಜನೆಯಲ್ಲಿಯೂ ಬಾಯಿ ತೆರೆಯಲಿಲ್ಲ. ಈಗ ಮದುವೆಯಾಗಿ ಹೋಗಿದ್ದಾಳೆ, ತನ್ನ ಕೂಸಿಗೆ ಜೋಗುಳವನ್ನು ಸಹ ಹಾಡುವುದಿಲ್ಲ. “ಇವನ ಕೈಯಿಂದಲೂ ಇದು ಹೋದರೆ?” ಎಂದು ಆ ತಾಯಿ ಕೇಳಿದಾಗ ನಮ್ಮ ಸಿದ್ಧ ಉತ್ತರವು ಗಂಟಲಲ್ಲಿಯೇ ನಿಂತಿತು.

ಹಾಗೆ ನಿಲ್ಲಲು ಇನ್ನೊಂದು ಕಾರಣವೂ ಉಂಟು. 1994ರಲ್ಲಿ ನಾವು ಮಠದ ಪಾಠಶಾಲೆಯಲ್ಲಿ ಬೋಧಿಸುತ್ತಿದ್ದಾಗ ಪ್ರಸಾದನಿಲಯದ ಹುಡುಗನೊಬ್ಬನು ಹಳೆಯ ಗಿಟಾರೊಂದನ್ನು ಎಲ್ಲಿಂದಲೋ ತಂದಿದ್ದನು. ಇದು ಪರದೇಶದ ವಾದ್ಯ, ನಮಗೆ ತಕ್ಕುದಲ್ಲ ಎಂದು ನಾವು ಅದನ್ನು ಮರಳಿ ಕೊಡಿಸಿದೆವು. ಅವನು ಎದುರಾಡಲಿಲ್ಲ. ಅದೇ ವರ್ಷ ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿದ ತಮ್ಮ ಮೋಹನವೀಣೆಯ ವಾದನಕ್ಕೆ ಗ್ರ್ಯಾಮಿ ಪ್ರಶಸ್ತಿ ಪಡೆದರೆಂಬ ಸುದ್ದಿಯನ್ನು ಓದಿ ನಮಗೆ ನಾಚಿಕೆಯಾಯಿತು. ನಾವು ದಿನವೂ ನುಡಿಸುತ್ತಿದ್ದ ಹಾರ್ಮೋನಿಯಂ ಯುರೋಪಿನದು, ಪಿಟೀಲು ಯುರೋಪಿನದು. 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಪರಕೀಯವೆಂದು ಹೊರಗಿಟ್ಟು ಮೂರು ದಶಕ ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಅದು ನಮ್ಮ ಪ್ರತಿಯೊಂದು ಭಜನಾಮಂದಿರದ ಪೆಟ್ಟಿಗೆಯಾಗಿತ್ತು. ಆ ಹುಡುಗನ ವಿಳಾಸವನ್ನು ಆಮೇಲೆ ಹುಡುಕಿದೆವು, ಸಿಗಲಿಲ್ಲ. ಆದುದರಿಂದ ಬೇಲೆಕೇರಿಯ ಜಗುಲಿಯಲ್ಲಿ ನಾವು ತೀರ್ಪು ಹೇಳದೆ ಹುಡುಗನನ್ನೇ ಕರೆಸಿ, ನುಡಿಸಪ್ಪಾ ಎಂದೆವು.

ಗಿಟಾರ್ ನಮ್ಮ ವಿದ್ಯೆಯಲ್ಲ. ಆದರೂ ವಾದ್ಯ ಹಿಡಿದ ಕೈಯನ್ನು ನೋಡಿ ಅಷ್ಟಿಷ್ಟು ತಿಳಿಯುವುದು ರೂಢಿಯಿಂದ ಬಂದಿದೆ. ಉಳಿದುದನ್ನು ಆಮೇಲೆ ಬಲ್ಲವರಿಂದ ಕೇಳಿ ತಿಳಿದೆವು. ಹುಡುಗನ ಕಿವಿ ಚೆನ್ನಾಗಿತ್ತು. ಆರು ತಂತಿಗಳನ್ನು ಮೊಬೈಲಿನ ಆಪ್ ಇಟ್ಟುಕೊಂಡು ಸರಿಯಾಗಿ ಶ್ರುತಿ ಮಾಡಿದ್ದನು. ಹಾಡನ್ನು ಅರ್ಧ ವೇಗಕ್ಕೆ ಇಳಿಸಿ ಕೇಳುವ ಉಪಾಯವನ್ನು ತೋರಿಸಿದಾಗ, ನಮ್ಮ ಬಾಲ್ಯದಲ್ಲಿ ಇದೊಂದಿದ್ದರೆ ಎಂದು ಅಸೂಯೆಯೇ ಆಯಿತು. ಆದರೆ ಎಡಗೈಯ ಮಣಿಕಟ್ಟು ಕೊಡಲಿಯಂತೆ ಮಡಿಚಿಕೊಂಡಿತ್ತು. ಫ್ರೆಟ್ ಎಂಬ ಲೋಹದ ಮೆಟ್ಟಿಗೆ ಒತ್ತಾಗಿ ಬೆರಳಿಡುವ ಬದಲು ಎರಡು ಮೆಟ್ಟುಗಳ ನಡುವೆ ಒತ್ತುತ್ತಿದ್ದುದರಿಂದ ತಂತಿ ಗೊರಗೊರಗುಟ್ಟುತ್ತಿತ್ತು. ಅದನ್ನು ಅಡಗಿಸಲು ಇನ್ನಷ್ಟು ಬಲ ಹಾಕುತ್ತಿದ್ದನು. ಬಲ ಹಾಕಿದಷ್ಟೂ ಮಣಿಕಟ್ಟು ಮಡಿಚುತ್ತಿತ್ತು. ಎಡವುತ್ತಿದ್ದ ಜಾಗವು ತೋರುಬೆರಳನ್ನು ಅಡ್ಡಲಾಗಿ ಚಾಚಿ ಆರೂ ತಂತಿಗಳನ್ನು ಒಮ್ಮೆಲೆ ಒತ್ತಬೇಕಾದ ಎಫ್ ಕಾರ್ಡ್. ಹೊಸಬರಲ್ಲಿ ಬಹಳ ಮಂದಿ ವಾದ್ಯವನ್ನು ಗೂಟಕ್ಕೆ ತೂಗುಹಾಕುವುದು ಇಲ್ಲಿಯೇ ಅಂತೆ. ನನಗೆ ಶಕ್ತಿ ಸಾಲದು ಎಂದು ಹುಡುಗನು ಹೇಳಿಕೊಂಡನು. ಶಕ್ತಿಯ ಕೊರತೆಯೇನೂ ಅಲ್ಲಿರಲಿಲ್ಲ.

ಇದೇ ಇಡೀ ಪ್ರಶ್ನೆಯ ಗಂಟು ಎಂದು ನಮ್ಮ ತಿಳಿವಳಿಕೆ. ಅವನು ಮೊಬೈಲನ್ನು ನೋಡುತ್ತಾನೆ. ಮೊಬೈಲ್ ಅವನನ್ನು ನೋಡುವುದಿಲ್ಲ. ತಪ್ಪಿದ ಸ್ವರವು ಕಿವಿಗೆ ಕೇಳುತ್ತದೆ, ಅದನ್ನು ಒಬ್ಬನೇ ತಿದ್ದಿಕೊಳ್ಳಬಹುದು. ತಪ್ಪಿದ ಮಣಿಕಟ್ಟು ಯಾರಿಗೂ ಕೇಳುವುದಿಲ್ಲ. ಅದನ್ನು ಕಾಣಲು ಎದುರಿಗೆ ಇನ್ನೊಬ್ಬರು ಕುಳಿತಿರಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ (1892-1944) ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914-2010) ತಾವೇ ಅಂಧರಾಗಿದ್ದು ಅಂಧಮಕ್ಕಳಿಗೆ ವಿದ್ಯೆಯಿತ್ತುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಕಣ್ಣಿಲ್ಲದ ಮಗುವಿಗೆ ವಾದ್ಯ ಕಲಿಸುವವನು ಅದರ ಬೆರಳನ್ನು ತನ್ನ ಬೆರಳಿನಿಂದ ಹಿಡಿದು ಇಡಲೇಬೇಕು. ಕಣ್ಣಿದ್ದವರಾದ ನಾವು ನೋಡಿಯೇ ಎಲ್ಲವೂ ಬಂದೀತೆಂದು ಭ್ರಮಿಸುತ್ತೇವೆ.

ಈ ಭ್ರಮೆಯ ಫಲ ನಮ್ಮ ಕೈಯಲ್ಲಿಯೇ ಇದೆ. ಹದಿನಾಲ್ಕರ ವಯಸ್ಸಿನಲ್ಲಿ, ಎಲ್ಲರೂ ಮಲಗಿದ ಮೇಲೆ, ಮಠದ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ನಾದ ಹೊರಬಾರದಂತೆ ನಾವು ಹಾರ್ಮೋನಿಯಂ ಕಲಿತೆವು. ಆ ಸುಖಕ್ಕೆ ಸಮಾನವಾದುದು ಆಮೇಲೆ ಸಿಕ್ಕಿಲ್ಲ, ಸುಳ್ಳು ಹೇಳಲಾರೆವು. ಆದರೆ ಮೂರೇ ಬೆರಳುಗಳಲ್ಲಿ ಕಲಿತೆವು. ಮೂವತ್ತರ ಹರೆಯದಲ್ಲಿ ಹಿರಿಯ ಗವಾಯಿಯೊಬ್ಬರು ನೋಡಿ, ಹೆಬ್ಬೆರಳು ಕೆಳಗಿನಿಂದ ಹಾಯಬೇಕು ಎಂದರು. ಎರಡು ವರ್ಷ ಪ್ರಯತ್ನಿಸಿದೆವು. ಇಂದಿಗೂ ದ್ರುತಲಯ ಬಂದರೆ ಕೈ ತನ್ನ ಹಳೆಯ ಮೂರು ಬೆರಳುಗಳಿಗೇ ಓಡುತ್ತದೆ.

ಹಾಗಾದರೆ ತಾನಾಗಿ ಕಲಿತು ದೊಡ್ಡವರಾದವರು ಇಲ್ಲವೆ ಎಂದು ಹುಡುಗನು ಕೇಳಿದನು. ನ್ಯಾಯವಾದ ಪ್ರಶ್ನೆ. ಅವನ ಊರಿನ ಮಗ್ಗುಲಲ್ಲಿಯೇ ಒಬ್ಬರಿದ್ದರು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತದವರು, ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಎದೆಯಲ್ಲಿಟ್ಟುಕೊಂಡಿದ್ದು 2017ರಲ್ಲಿ ಪದ್ಮಶ್ರೀ ಪಡೆದರು, 2025ರಲ್ಲಿ ತೀರಿಕೊಂಡರು. ಅವರಿಗೆ ಸಂಗೀತದ ತರಗತಿ ಇರಲಿಲ್ಲ ನಿಜ. ಆದರೆ ತಾಯಿ ಇದ್ದಳು, ನಾಟಿಯ ಗದ್ದೆಯಿತ್ತು, ಮದುವೆಯ ಚಪ್ಪರವಿತ್ತು, ಸುಗ್ಗಿಯಲ್ಲಿ ಗುಮಟೆ ಬಾರಿಸುವವರಿದ್ದರು. ತಪ್ಪಿದರೆ ಪಕ್ಕದವಳು ಸರಿಯಾದುದನ್ನು ಹಾಡಿಯೇ ತಿದ್ದುವ ಕೇರಿ ಅದು. ಅಲ್ಲಿ ಕೇರಿಯೇ ಗುರು. ನಿನ್ನ ಕೋಣೆಯಲ್ಲಿ ನಿನ್ನ ಸುತ್ತ ಗಿಟಾರಿನ ಕೇರಿ ಇದೆಯೆ ಎಂದು ಕೇಳಿದೆವು. ಉತ್ತರದ ಗೋವೆಯಲ್ಲಿ, ತಲೆಮಾರುಗಳಿಂದ ಮನೆಮನೆಯಲ್ಲಿ ಗಿಟಾರ್ ಇರುವ ಹಳ್ಳಿಯೊಂದರಲ್ಲಿ ಹುಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು.

ಆಮೇಲೆ ಕುಮಾರ ಗಂಧರ್ವರ ಕಥೆ ಹೇಳಿದೆವು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನೆಂಬ ಜಂಗಮರ ಮಗು, ಅಂದಿನ ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಯಥಾವತ್ತಾಗಿ ಹಾಡಿ ತೋರಿಸುತ್ತಿತ್ತು. ಗ್ರಾಮಫೋನ್ ಅಂದಿನ ಮೊಬೈಲ್ ಎಂದುಕೊಳ್ಳಿ. ಜನ ಬೆರಗಾದರು, ಸಭೆಗಳಾದವು, ಬಿರುದು ಬಂದಿತು. ಅಲ್ಲಿಗೇ ನಿಂತಿದ್ದರೆ ಆ ಮಗು ಬಾಲಪ್ರತಿಭೆ ಎನಿಸಿ ಮೀಸೆ ಮೂಡುವಷ್ಟರಲ್ಲಿ ಮರೆಯಾಗುತ್ತಿತ್ತೋ ಏನೋ. 1930ರ ದಶಕದ ನಡುವಿನಲ್ಲಿ ತಂದೆ ಅವನನ್ನು ಮುಂಬಯಿಯ ಬಿ.ಆರ್. ದೇವಧರರ ಬಳಿಗೆ ಬಿಟ್ಟರು. ದೇವಧರರು ಶಿಷ್ಯನನ್ನು ಒಂದೇ ಘರಾಣೆಯ ಗೂಟಕ್ಕೆ ಕಟ್ಟುವ ಜಾಯಮಾನದವರಲ್ಲ; ಎಲ್ಲ ಕಡೆಯ ಬಂದಿಶ್‌ಗಳನ್ನು ಸಂಗ್ರಹಿಸಿದ ವಿಶಾಲಮನಸ್ಕರು. ಅಲ್ಲಿ ಹುಡುಗನಿಗೆ ಕಲಿಸಬೇಕಾದುದು ಹಾಡನ್ನಲ್ಲ, ಅದು ಮೊದಲೇ ಬರುತ್ತಿತ್ತು. ತಾನು ಅನುಕರಿಸಿದುದರ ಒಳಗೇನಿದೆ ಎಂಬುದನ್ನು. 1947ರ ಸುಮಾರಿಗೆ ಕ್ಷಯರೋಗ ತಗುಲಿತು. ಹವೆಯ ಸಲುವಾಗಿ ಮಧ್ಯಭಾರತದ ದೇವಾಸಕ್ಕೆ ಹೋದರು. ಹಾಡಬಾರದೆಂದು ವೈದ್ಯರ ಕಟ್ಟಪ್ಪಣೆ. ಹಾಸಿಗೆಯಲ್ಲಿ ಮಲಗಿ ಆರು ವರ್ಷಗಳ ಕಾಲ, ಬೀದಿಯಲ್ಲಿ ಹಾದುಹೋಗುವ ಮಾಳವದ ಹೆಂಗಳೆಯರ, ಭಿಕ್ಷುಕರ ಪದಗಳನ್ನು ಕೇಳಿದರು; ಅವುಗಳಿಂದಲೇ ಹೊಸ ರಾಗಗಳನ್ನು ಕಂಡರು. ಒಂದು ಶ್ವಾಸಕೋಶ ಕೆಟ್ಟಿದ್ದರೂ ಅದಕ್ಕೆ ತಕ್ಕ ಗಾಯನವನ್ನು ತಾವೇ ರೂಪಿಸಿಕೊಂಡು 1953ರಲ್ಲಿ ಮತ್ತೆ ವೇದಿಕೆಗೆ ಬಂದರು. ಈ ಕೊನೆಯ ಕಲಿಕೆಗೆ ಗುರುವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ನಡುವಿನ ಹನ್ನೆರಡು ವರ್ಷಗಳಿಲ್ಲದೆ ಅದು ಆಗುತ್ತಿತ್ತೆಂದು ನಮಗೆ ತೋರುವುದಿಲ್ಲ.

ತಂದೆಯವರ ಮುಖ ಅರಳಿತು. ಅವರಿಗೂ ಒಂದು ಮಾತು ಹೇಳಬೇಕಾಗಿತ್ತು, ಏಕೆಂದರೆ ಅವರ ಮನಸ್ಸಿನಲ್ಲಿದ್ದುದು ಗುರುವಲ್ಲ, ಶಿಸ್ತು. ಪಾಠಕ್ಕೆ ಹಾಕಿದರೆ ಪ್ರಮಾಣಪತ್ರ ಬರುತ್ತದೆ, ಹುಡುಗ ಹಿಡಿತದಲ್ಲಿರುತ್ತಾನೆ ಎಂಬ ಲೆಕ್ಕ. ಕದ್ರಿ ಗೋಪಾಲನಾಥರನ್ನು ನೆನಪಿಸಿದೆವು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿ, ತಂದೆಯಿಂದ ನಾಗಸ್ವರ ಕಲಿತು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮರುಳಾದವರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರ ಬಳಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಆದರೆ ಆ ವಾದ್ಯದಲ್ಲಿ ಗಮಕವನ್ನು ಹೊರಡಿಸುವುದು ಹೇಗೆಂದು ಹೇಳಿಕೊಡಲು ದೇಶದಲ್ಲಿ ಯಾರಿದ್ದರು? ಅದನ್ನು ವರ್ಷಗಟ್ಟಲೆ ಅವರೇ ಊದಿ ಊದಿ ಕಂಡುಕೊಂಡರು. ಗಿಟಾರಿನಲ್ಲಿ ರಾಗ ನುಡಿಸಿ ಹೆಸರಾದ ಬ್ರಿಜಭೂಷಣ ಕಾಬ್ರಾ ಅವರ ಗುರು ಅಲಿ ಅಕ್ಬರ್ ಖಾನರು ನುಡಿಸುತ್ತಿದ್ದುದು ಸರೋದ್. ಗುರುವಿನ ಬಳಿ ಹೋದವನೂ ಒಬ್ಬನೇ ಕುಳಿತು ಕಲಿಯಬೇಕಾದುದು ಬೆಟ್ಟದಷ್ಟಿರುತ್ತದೆ. ಪಾಠದ ಮನೆಗೆ ಕಳುಹಿಸಿದೆನೆಂದು ತಂದೆಯು ಕೈತೊಳೆದುಕೊಳ್ಳುವಂತಿಲ್ಲ, ಮನೆಯಲ್ಲಿ ಹುಡುಗನು ತನ್ನಿಷ್ಟದ ಸಿನಿಮಾ ಹಾಡು ನುಡಿಸಿದರೆ ಗದರಿಸುವಂತೆಯೂ ಇಲ್ಲ.

ಕೊನೆಗೆ ನಾವು ಹೇಳಿದ ವ್ಯವಸ್ಥೆ ಹೀಗೆ. ವರ್ಷದ ಶುಲ್ಕ ಕಟ್ಟುವುದು ಬೇಡ. ಎಂಟು ಹತ್ತು ಪಾಠಗಳಿಗೆ ಮಾತ್ರ ಒಪ್ಪುವ ಶಿಕ್ಷಕರನ್ನು ನೋಡುವುದು. ಮೊದಲ ದಿನ ತಾಯಿಯವರು ಜೊತೆಗೆ ಹೋಗಿ ಮೂಲೆಯಲ್ಲಿ ಕುಳಿತಿರಬೇಕು. ಶಿಕ್ಷಕರು ಹುಡುಗನಿಗೆ ಮೊದಲು ನುಡಿಸಲು ಹೇಳಿ ಕೇಳುತ್ತಾರೆಯೋ, ಅವನ ಕೈಯನ್ನು ನೋಡುತ್ತಾರೆಯೋ, ಅಥವಾ ತಮ್ಮ ಕೌಶಲವನ್ನೇ ಮೆರೆಸುತ್ತಾರೆಯೋ ಎಂಬುದನ್ನು ಗಮನಿಸಬೇಕು. ಸಂಗೀತ ಗೊತ್ತಿಲ್ಲದ ತಾಯಿಗೂ ಇದು ಒಂದು ತಾಸಿನಲ್ಲಿ ತಿಳಿಯುತ್ತದೆ. ಅಣಕಿಸುವವರಾದರೆ ಅಂದೇ ಎದ್ದು ಬರಬೇಕು, ಅವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ. ಕೈ ಕುಳಿತ ಮೇಲೆ ಕೆಲವು ತಿಂಗಳು ಪಾಠ ಬಿಟ್ಟು ಮೊಬೈಲಿನಿಂದಲೇ ಕಲಿಯಲಿ. ಒಂದೇ ಜಾಗದಲ್ಲಿ ಎರಡು ವಾರ ಸಿಕ್ಕಿಬಿದ್ದನೆಂದರೆ ಮತ್ತೆ ಹೋಗಲಿ. ಹತ್ತಿರದಲ್ಲಿ ತಕ್ಕವರು ಸಿಗದಿದ್ದರೆ ಮೊಬೈಲಿನಲ್ಲಿಯೇ ಮುಖಾಮುಖಿ ಪಾಠ ಹೇಳುವವರಿದ್ದಾರಂತೆ. ಅಲ್ಲಿ ಶಿಕ್ಷಕರಿಗೆ ಇವನ ಕೈ ಕಾಣುತ್ತದೆಯಾದುದರಿಂದ ಅದು ಬರಿಯ ವಿಡಿಯೊಗಿಂತ ಬೇರೆಯದೇ ಸಂಗತಿ. ಭಾನುವಾರ ಮೂರು ತಾಸು ಕೂರುವುದಕ್ಕಿಂತ ದಿನವೂ ಅರ್ಧ ತಾಸು ಲೇಸು. ಕಡಲ ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಡಬೇಕು, ಮಳೆಗಾಲದಲ್ಲಿ ತೇವದ ಗೋಡೆಗೆ ತೂಗುಹಾಕಬಾರದು.

ಹೋದ ತಿಂಗಳು ಆ ತಂದೆಯವರಿಂದ ಪತ್ರ ಬಂದಿದೆ. ಮೊದಲು ನೋಡಿದ ಶಿಕ್ಷಕರು ಹಿಡಿಸಲಿಲ್ಲವಂತೆ, ತಾಯಿಯವರೇ ಬೇಡವೆಂದರಂತೆ. ಎರಡನೆಯವರು ಹುಡುಗನ ಕೈಗಿಂತ ಮೊದಲು ಗಿಟಾರನ್ನೇ ತಿರುಗಿಸಿ ನೋಡಿ, ತಂತಿಗಳು ಹಲಗೆಯಿಂದ ಬಹಳ ಎತ್ತರದಲ್ಲಿವೆ, ಇದನ್ನು ಒತ್ತಲು ನನ್ನಿಂದಲೂ ಆಗದು ಎಂದು ನಕ್ಕು ಇಳಿಸಿಕೊಟ್ಟರಂತೆ. ನಾಲ್ಕು ತಿಂಗಳು ತನಗೆ ಶಕ್ತಿಯಿಲ್ಲವೆಂದುಕೊಂಡಿದ್ದ ಹುಡುಗನು ಅಂದು ದಾರಿಯುದ್ದಕ್ಕೂ ಮಾತಾಡಲಿಲ್ಲವಂತೆ. ಹೊಸ ರೀತಿಯಲ್ಲಿ ಕೈ ಹಿಡಿಯಬೇಕಾಗಿ ಬಂದುದರಿಂದ ಎರಡು ವಾರ ಯಾವ ಹಾಡೂ ಆಗಲಿಲ್ಲ, ಮನೆಯಲ್ಲಿ ಸಿಡಿಮಿಡಿ. ಈಗ ಎಫ್ ಕಾರ್ಡ್ ಹತ್ತರಲ್ಲಿ ಆರು ಸಲ ಸರಿಯಾಗಿ ಬರುತ್ತಿದೆ ಎಂದು ಲೆಕ್ಕಸಹಿತ ಬರೆದಿದ್ದಾರೆ, ಎಷ್ಟಾದರೂ ಗಣಿತದ ಮಾಸ್ತರರು. ಕೆಳಗೆ ತಾಯಿಯವರ ಕೈಬರಹದಲ್ಲಿ ಎರಡು ಸಾಲುಗಳಿವೆ: ಮಗಳು ಹಬ್ಬಕ್ಕೆ ಬಂದಿದ್ದಳು, ತಮ್ಮನು ನುಡಿಸುವಾಗ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದಳು, ಹಾಡಲಿಲ್ಲ.