ಸೈಲೆನ್ಸರ್ ಆಮೇಲೆ, ಫೋರ್ಕ್ ಮೊದಲು

ನಮ್ಮ ಪಾರ್ಕಿಂಗ್‌ನಲ್ಲಿ ಸೌಂಡ್ ಮಾಡೋ ಸೈಲೆನ್ಸರ್‌ಗಳಿಗೆ ಬರವಿಲ್ಲ. ಆದ್ರೆ ಫೋರ್ಕ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿ, ಎಲ್ರೂ ಮುಖ ಮುಖ ನೋಡ್ತಾರೆ. ನಾನೂ ಹಾಗೇ ಇದ್ದೆ. ಚಾರ್ಮಾಡಿ ಇಳಿಯುವಾಗ, ಹಿಂದೆ ಗೆಳೆಯ ಕೂತಿದ್ದ, ಬ್ರೇಕ್ ಹಿಡಿದೆ. ಫೋರ್ಕ್ ಪೂರ್ತಿ ಕುಸಿದು ಟಕ್ ಅಂತು. ಕುಸಿದ ಫೋರ್ಕಿಗೆ ಗುಂಡಿ ನುಂಗೋಕೆ ಜಾಗವೇ ಇರಲ್ಲ, ಚಕ್ರ ಜಾರಿತು. ಬೀಳಲಿಲ್ಲ, ಪುಣ್ಯ.

"ದಪ್ಪ ಆಯಿಲ್ ಹಾಕ್ಸು ಮಗಾ" ಅಂದ್ರು. ಅದು ಅರ್ಧ ಸತ್ಯ. ಭಾರ ಹೊರೋದು ಸ್ಪ್ರಿಂಗ್. ಆಯಿಲ್ ಸಣ್ಣ ತೂತುಗಳಲ್ಲಿ ನುಗ್ಗಿ ಚಲನೆಯ ವೇಗವನ್ನಷ್ಟೇ ತಡೆಯುತ್ತೆ. ಹುಕ್ 1678ರಲ್ಲೇ ಹೇಳಿದ ನಿಯಮವನ್ನ ನಾವು ಎಕ್ಸಾಮ್‌ನಲ್ಲಿ ಬರೆದು ಅಲ್ಲೇ ಬಿಟ್ಟು ಬರ್ತೀವಿ.

ಸ್ಪ್ರಿಂಗ್ ಸೋತಿದ್ರೆ ಎರಡನ್ನೂ ಬದಲಾಯಿಸಿ. ಆಯಿಲ್ ಮ್ಯಾನ್ಯುಯಲ್ ಹೇಳಿದ ಗ್ರೇಡಿಂದು, ಎರಡೂ ಕಾಲಿಗೆ ಸಮ ಅಳತೆ. ಸೌಂಡ್ ಬಗ್ಗೆ ಆಮೇಲೆ ಮಾತಾಡೋಣ.