ಹ್ಯಾಲೋವೀನ್‌ಗೆ ಅಗ್ಗದ ದೆವ್ವ: ಹಳೇ ಪಂಚೆ ಸಾಕು, ಮೈಕ್ರೋವೇವ್ ಬಿಚ್ಚಬೇಡಿ

ಅಕ್ಟೋಬರ್ ಬಂತೆಂದರೆ ಅಮೆರಿಕದಲ್ಲಿರುವ ಮಗಳು, ಅಳಿಯ, ಅಣ್ಣನ ಮಕ್ಕಳಿಂದ ಫ್ಯಾಮಿಲಿ ಗ್ರೂಪಿಗೆ ಫೋಟೋಗಳು ಬರತೊಡಗುತ್ತವೆ. ಮನೆ ಮುಂದಿನ ಹುಲ್ಲಿನ ಮೇಲೆ ಗೋರಿಕಲ್ಲು, ಮರಕ್ಕೆ ನೇತುಹಾಕಿದ ಬಿಳಿ ದೆವ್ವ, ಮೆಟ್ಟಿಲ ಮೇಲೆ ಹಲ್ಲು ಕಿರಿಯುವ ಕುಂಬಳಕಾಯಿ. ಅದರ ಹಿಂದೆಯೇ ಇನ್ನೊಂದು ಬಗೆಯ ಫಾರ್ವರ್ಡ್ ಶುರುವಾಗುತ್ತದೆ. ಹತ್ತು ಡಾಲರ್‌ಗೆ ಹಾರುವ ದೆವ್ವ, ಹಳೇ ಮೈಕ್ರೋವೇವ್‌ನಿಂದ ಮಿಂಚು, ಬಾಟಲಿಯಲ್ಲಿ ಸ್ಮಶಾನದ ಮಂಜು. ಅರ್ಧ ನಿಮಿಷದ ವಿಡಿಯೋ, ಹಿನ್ನೆಲೆಯಲ್ಲಿ ಜೋರು ಮ್ಯೂಸಿಕ್.

ಇವುಗಳಲ್ಲಿ ಕೆಲವು ನಿಜಕ್ಕೂ ಒಳ್ಳೆಯ ಐಡಿಯಾಗಳು. ಕೆಲವು ಶುದ್ಧ ಸುಳ್ಳು. ಇನ್ನು ಕೆಲವು ಮಾಡಿದವರ ಪ್ರಾಣವನ್ನೇ ತೆಗೆದಿವೆ. ಕಡಿಮೆ ದುಡ್ಡಿನಲ್ಲಿ ಮನೆಯಲ್ಲೇ ದೆವ್ವ ಮಾಡುವುದರ ಹಿಂದಿನ ವಿಜ್ಞಾನ ತಿಳಿದಿದ್ದರೆ ಯಾವುದು ಯಾವುದು ಎಂದು ಗುರುತಿಸುವುದು ಕಷ್ಟವಲ್ಲ.

ಅಗ್ಗದ ದೆವ್ವಕ್ಕೆ ಇಷ್ಟು ಬೇಡಿಕೆ ಯಾಕೆ ಅಂದರೆ, ಅಂಗಡಿಯ ದೆವ್ವ ದುಬಾರಿ. ಹೋಮ್ ಡಿಪೋ ಮಳಿಗೆಗಳು 2020ರಲ್ಲಿ 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು 299 ಡಾಲರ್‌ಗೆ ಮಾರಾಟಕ್ಕಿಟ್ಟವು. ಅಷ್ಟು ಬೆಲೆಯಾದರೂ ಸ್ಟಾಕ್ ಖಾಲಿಯಾಯಿತು. 2023ರಲ್ಲಿ ಅಮೆರಿಕನ್ನರು ಹ್ಯಾಲೋವೀನ್‌ಗೆ ಮಾಡುವ ಖರ್ಚು 1,220 ಕೋಟಿ ಡಾಲರ್ ಎಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ಕೋಟಿ ರೂಪಾಯಿ! ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬರೀ ಅಲಂಕಾರಕ್ಕೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯವರು ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದ ಹಬ್ಬ ಇದು. ಅಮೆರಿಕಕ್ಕೆ ಹೋದ ಮೇಲೆ ಗಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು.

ಅಂದಹಾಗೆ, ಖರ್ಚಿಲ್ಲದೆ ಹೆದರಿಸುವುದು ನಮಗೇನೂ ಹೊಸದಲ್ಲ. ಎರಡು ಕೋಲು, ಹರಿದ ಅಂಗಿ, ಸುಣ್ಣದ ಬೊಟ್ಟು ಇಟ್ಟ ಮಡಕೆ. ಹೊಲದ ಬೆರ್ಚಪ್ಪ ರೆಡಿ. ಸಂಜೆ ಹೊತ್ತು ದೂರದಿಂದ ನೋಡಿದರೆ ಹಕ್ಕಿ ಮಾತ್ರವಲ್ಲ, ಮನುಷ್ಯರೂ ಒಂದು ಕ್ಷಣ ನಿಲ್ಲುತ್ತಾರೆ.

ಕಣ್ಣು ಮೋಸ ಹೋಗುವುದು ಹೇಗೆ?

ಬೆರ್ಚಪ್ಪನನ್ನು ಮಧ್ಯಾಹ್ನ ನೋಡಿದರೆ ನಗು ಬರುತ್ತದೆ, ಮುಸ್ಸಂಜೆಯಲ್ಲಿ ಬರುವುದಿಲ್ಲ. ಕಾರಣ ನಮ್ಮ ಕಣ್ಣಿನೊಳಗೇ ಇದೆ. ಕತ್ತಲಲ್ಲಿ ನೋಡಲು ನೆರವಾಗುವುದು ರಾಡ್ ಎಂಬ ಕೋಶಗಳು. ಇವಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಸೂಕ್ಷ್ಮ ವಿವರಗಳೂ ಸಿಗುವುದಿಲ್ಲ. ಅಕ್ಷಿಪಟಲದ ನಟ್ಟನಡುವೆ, ಅಂದರೆ ನಾವು ನೇರವಾಗಿ ನೋಡುವಾಗ ಬಳಸುವ ಜಾಗದಲ್ಲಿ, ಈ ಕೋಶಗಳೇ ಇಲ್ಲ. ಹಾಗಾಗಿ ಮಬ್ಬುಗತ್ತಲಲ್ಲಿ ಒಂದು ವಸ್ತು ಕಣ್ಣಂಚಿನಿಂದ ಕಂಡಷ್ಟು ಚೆನ್ನಾಗಿ ನೇರವಾಗಿ ದಿಟ್ಟಿಸಿದಾಗ ಕಾಣದು. ಓರೆಗಣ್ಣಿಗೆ ಏನೋ ಅಲುಗಾಡಿದಂತೆ ಕಂಡು, ತಿರುಗಿ ನೋಡಿದರೆ ಮಾಯ. ದೆವ್ವದ ಕಥೆಗಳಲ್ಲಿ ಆಗುವುದೂ ಇದೇ ತಾನೆ?

ಉಳಿದದ್ದನ್ನು ಮೆದುಳು ತುಂಬಿಕೊಳ್ಳುತ್ತದೆ. ಎರಡು ಚುಕ್ಕೆ, ಕೆಳಗೊಂದು ಗೆರೆ ಸಿಕ್ಕರೆ ಸಾಕು, ಅದನ್ನು ಮುಖ ಎಂದೇ ಓದುತ್ತದೆ. ಜೊತೆಗೆ ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಂಬಿಕೊಂಡು ಬೆಳೆದ ಮೆದುಳು ಇದು. ಅದೇ ಮುಖಕ್ಕೆ ಗಲ್ಲದ ಕೆಳಗಿನಿಂದ ಟಾರ್ಚ್ ಹಿಡಿದರೆ ನೆರಳುಗಳೆಲ್ಲ ತಲೆಕೆಳಗಾಗಿ, ಗೊತ್ತಿರುವ ಮುಖವೂ ವಿಕಾರವಾಗಿ ಕಾಣುತ್ತದೆ.

ಅಂದರೆ 299 ಡಾಲರ್‌ನ ಅಸ್ಥಿಪಂಜರಕ್ಕೆ ಜೋರು ಫ್ಲಡ್‌ಲೈಟ್ ಬಿಟ್ಟರೆ ಅದು ಪ್ಲಾಸ್ಟಿಕ್ ಗೊಂಬೆಯೇ. ಹಳೇ ಬಟ್ಟೆಗೆ ಕೆಳಗಿನಿಂದ ಮಂದ ಬೆಳಕು, ನಿಧಾನದ ಚಲನೆ ಕೊಟ್ಟರೆ ಅದು ದೆವ್ವ. ದುಡ್ಡು ಹಾಕುವುದಿದ್ದರೆ ಬೆಳಕಿಗೆ ಮತ್ತು ಚಲನೆಗೆ ಹಾಕಿ ಎಂಬುದು ನಮ್ಮ ಸಲಹೆ.

ಪಂಚೆ ದೆವ್ವ

ನಿಂತ ದೆವ್ವ ಬೇಕಿದ್ದರೆ ಕೋಳಿಗೂಡಿನ ತಂತಿ ಜಾಲರಿಯನ್ನು ಆಳಿನ ಆಕಾರಕ್ಕೆ ಬಗ್ಗಿಸಿ, ಮೇಲೆ ಗಂಜಿಯಲ್ಲಿ ಅದ್ದಿದ ತೆಳು ಬಟ್ಟೆ ಹೊದಿಸಿ ಒಣಗಿಸಿದರೆ ಆಯಿತು. ಅನ್ನದ ಗಂಜಿಯೂ ನಡೆಯುತ್ತದೆ. ಆದರೆ ಇಬ್ಬನಿ, ಮಳೆಗೆ ಗಂಜಿ ಮೆತ್ತಗಾಗಿ ದೆವ್ವ ಕುಸಿದು ಕೂರುತ್ತದೆ. ಹೊರಗಿಡುವುದಕ್ಕೆ ಮರಗೆಲಸದ ಬಿಳಿ ಗೋಂದನ್ನು ನೀರಲ್ಲಿ ಕದಡಿ ಬಳಸುವುದು ವಾಸಿ.

ಹಾರುವ ದೆವ್ವದ ಉಪಾಯ ಇನ್ನೂ ಚೆಂದ, ಅಲ್ಲಿನ ಹವ್ಯಾಸಿಗಳ ವಲಯದಲ್ಲಿ ಹಳೆಯದು ಕೂಡ. ನಿಧಾನಕ್ಕೆ ತಿರುಗುವ ಒಂದು ಮೋಟರ್, ಅದಕ್ಕೊಂದು ಗೇಣುದ್ದದ ಕೈ. ಕೈಯ ತುದಿಗೆ ಮೂರು ದಾರ. ದಾರಗಳು ಮೇಲಿನ ಚೌಕಟ್ಟಿನಲ್ಲಿ ದೂರದೂರ ಹಾಕಿದ ಮೂರು ಕೊಂಡಿಗಳ ಮೂಲಕ ಹಾದು, ಒಂದು ದೆವ್ವದ ತಲೆಗೆ, ಎರಡು ಅದರ ಕೈಗಳಿಗೆ ಇಳಿಯುತ್ತವೆ. ಮೋಟರ್ ತಿರುಗಿದಂತೆ ಒಂದು ದಾರ ಎಳೆದುಕೊಂಡಾಗ ಇನ್ನೊಂದು ಸಡಿಲವಾಗುತ್ತದೆ. ಒಂದೇ ಮೋಟರ್ ಇದ್ದರೂ ತಲೆ, ಕೈಗಳು ಬೇರೆಬೇರೆ ಹೊತ್ತಿಗೆ ಏರಿಳಿದು ತೇಲುವಂತೆ ಕಾಣುತ್ತದೆ. ನಮ್ಮ ಸೂತ್ರದ ಗೊಂಬೆಯಾಟದ ಕೆಲಸವನ್ನೇ ಇಲ್ಲಿ ಮೋಟರ್ ಮಾಡುತ್ತದೆ. ಇದಕ್ಕೆ ಬಟ್ಟೆ ಹಗುರವಾಗಿರಬೇಕು, ಗಂಜಿ ಬೇಡ.

ಮೋಟರ್ ನಿಮಿಷಕ್ಕೆ ಐದರಿಂದ ಹತ್ತು ಸುತ್ತು ಹಾಕಿದರೆ ಸಾಕು. ವೇಗ ಹೆಚ್ಚಾದರೆ ದೆವ್ವ ಡ್ಯಾನ್ಸ್ ಮಾಡುತ್ತದೆ. ಡಿಸ್ಕೋ ಬಾಲ್ ತಿರುಗಿಸುವ ಬ್ಯಾಟರಿ ಮೋಟರ್ ಎಲ್ಲಕ್ಕಿಂತ ಸುರಕ್ಷಿತ. ಗುಜರಿಯಲ್ಲಿ ಸಿಗುವ ಕಾರಿನ ವೈಪರ್ ಮೋಟರ್‌ಗೆ ಶಕ್ತಿ ಹೆಚ್ಚು. ಅದು 12 ವೋಲ್ಟ್‌ನದು, ಕಡಿಮೆ ವೋಲ್ಟೇಜ್ ಕೊಟ್ಟರೆ ವೇಗ ಇಳಿಯುತ್ತದೆ. ಆದರೆ ಮೊಬೈಲ್ ಚಾರ್ಜರ್‌ನಿಂದ ಅದನ್ನು ತಿರುಗಿಸುವ ವಿಡಿಯೋ ನಂಬಬೇಡಿ. ಹೊರೆ ಬಿದ್ದಾಗ ಆ ಮೋಟರ್ ಹಲವು ಆಂಪಿಯರ್ ಕೇಳುತ್ತದೆ, ಚಾರ್ಜರ್‌ಗೆ ಅಷ್ಟು ತಾಕತ್ತಿಲ್ಲ.

ಹೊಳೆಯುವುದು ಯಾವುದು, ಸುಳ್ಳು ಯಾವುದು?

ದೆವ್ವ ಕತ್ತಲಲ್ಲಿ ಹೊಳೆಯಲು ವಿಶೇಷ ಬಣ್ಣ ಕೊಳ್ಳಬೇಕಿಲ್ಲ. ಬಟ್ಟೆ ಒಗೆಯುವ ಪುಡಿಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕಗಳಿರುತ್ತವೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ, ನೀಲಿ ಬೆಳಕಾಗಿ ಹೊರಬಿಡುವುದು ಅವುಗಳ ಗುಣ. ನಮ್ಮ ಹಿರಿಯರಿಗೆ ಗೊತ್ತಿರುವ ಟಿನೋಪಾಲ್ ಇದೇ ಜಾತಿಯದು. ಬಟ್ಟೆಗೆ ಹಾಕುವ ನೀಲಿ ಮಾತ್ರ ಬೇರೆ, ಅದು ಬರೀ ಬಣ್ಣ. ಹಾಗಾಗಿ ಡಿಟರ್ಜೆಂಟ್‌ನಲ್ಲಿ ಒಗೆದ ಬಿಳಿ ಪಂಚೆಗೆ ಬ್ಲ್ಯಾಕ್ ಲೈಟ್ ಹಿಡಿದರೆ ತಾನೇ ನೀಲಿಯಾಗಿ ಹೊಳೆಯುತ್ತದೆ.

ಟಾನಿಕ್ ವಾಟರ್ ಎಂಬ ಕಹಿ ಸೋಡಾ ಬ್ಲ್ಯಾಕ್ ಲೈಟ್‌ನಲ್ಲಿ ಹೊಳೆಯುತ್ತದೆ ಎಂಬುದೂ ನಿಜ. ಅದರಲ್ಲಿರುವುದು ಕ್ವಿನೈನ್, ಮಲೆನಾಡಿನ ಹಳಬರು ಮಲೇರಿಯಾ ಕಾಲದಲ್ಲಿ ನುಂಗಿದ ಅದೇ ಔಷಧ. ಆದರೆ ಮೌಂಟನ್ ಡ್ಯೂಗೆ ಅಡುಗೆ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ತಾನಾಗಿ ಬೆಳಗುತ್ತದೆ ಎನ್ನುವ ವಿಡಿಯೋ ವರ್ಷಗಳಿಂದ ಸುತ್ತುತ್ತಿರುವ ಸುಳ್ಳು. ಗ್ಲೋ ಸ್ಟಿಕ್ ಒಡೆದು ಅದರ ದ್ರವ ಸೇರಿಸದೆ ಹಾಗಾಗುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಎಲ್ಲ ನೇರಳೆ ದೀಪವೂ ಬ್ಲ್ಯಾಕ್ ಲೈಟ್ ಅಲ್ಲ. ಬ್ಲ್ಯಾಕ್ ಲೈಟ್‌ನ ಪೊಟ್ಟಣದ ಮೇಲೆ 365 ಅಥವಾ 395 ನ್ಯಾನೋಮೀಟರ್ ಎಂದಿರುತ್ತದೆ. ಕೊರೋನಾ ಕಾಲದಲ್ಲಿ ಕೋಣೆ ಶುದ್ಧಿಗೆಂದು ಮಾರಿದ ಕ್ರಿಮಿನಾಶಕ ದೀಪದ್ದು 254 ನ್ಯಾನೋಮೀಟರ್. ಮನೆಯಲ್ಲಿ ಹೇಗೂ ಬಿದ್ದಿದೆ ಎಂದು ಅದನ್ನು ಅಂಗಳದಲ್ಲಿ ಹಚ್ಚಿದರೆ ಬಂದ ಮಕ್ಕಳ ಕಣ್ಣು, ಚರ್ಮ ಸುಡುತ್ತದೆ. ಉರಿ ಶುರುವಾಗುವುದು ಕೆಲವು ಗಂಟೆ ಬಿಟ್ಟು, ಹಾಗಾಗಿ ಕಾರಣವೂ ಹೊಳೆಯುವುದಿಲ್ಲ. 2023ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನ ಒಂದು ಪಾರ್ಟಿಗೆ ಹೋದ ಹಲವರು ಕಣ್ಣುರಿಯಿಂದ ಒದ್ದಾಡಿದರು. ಅಲಂಕಾರಕ್ಕೆ ಹಾಕಿದ ನೇರಳಾತೀತ ದೀಪಗಳೇ ಕಾರಣವಿರಬೇಕು ಎಂದು ಆಯೋಜಕರೇ ಹೇಳಿದರು.

ಮಂಜಿನ ಮಾತು

ನಮ್ಮಲ್ಲಿ ಸಾಂಬ್ರಾಣಿ ಹೊಗೆ ಹಾಕಿದರೆ ದೆವ್ವ ಓಡಿಹೋಗುತ್ತದೆ ಎನ್ನುತ್ತಾರೆ. ಅಲ್ಲಿ ದೆವ್ವ ಬರಲಿ ಎಂದೇ ಹೊಗೆ ಹಾಕುತ್ತಾರೆ!

ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಉಷ್ಣಾಂಶ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಬಿಸಿನೀರಿಗೆ ಹಾಕಿದಾಗ ಏಳುವ ಬಿಳಿ ಮಂಜು ನೀರಿನ ಹನಿಗಳದ್ದು, ವಿಷವಲ್ಲ. ತೊಂದರೆ ಇರುವುದು ಅದರ ಜೊತೆ ಕಣ್ಣಿಗೆ ಕಾಣದೆ ಹೊಮ್ಮುವ ಅನಿಲದಲ್ಲಿ. ಒಂದು ಕಿಲೋ ಡ್ರೈ ಐಸ್ ಸುಮಾರು 500 ಲೀಟರ್ ಅನಿಲವಾಗುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ನೆಲಕ್ಕೆ ಅಂಟಿಕೊಂಡು, ತಗ್ಗಿನಲ್ಲಿ ತುಂಬಿ, ಆಮ್ಲಜನಕವನ್ನು ಹೊರದೂಡುತ್ತದೆ. ಮಕ್ಕಳು, ನಾಯಿಗಳು ಉಸಿರಾಡುವುದು ಆ ಎತ್ತರದಲ್ಲೇ. 2020ರ ಫೆಬ್ರವರಿಯಲ್ಲಿ ಮಾಸ್ಕೋದ ಒಂದು ಹುಟ್ಟುಹಬ್ಬದ ಪಾರ್ಟಿಯಲ್ಲಿ ಮಂಜಿಗೆಂದು ಒಳಾಂಗಣದ ಈಜುಕೊಳಕ್ಕೆ ಡ್ರೈ ಐಸ್ ಸುರಿದು ಮೂವರು ಸತ್ತರು.

ತೆರೆದ ಅಂಗಳದಲ್ಲಿ, ತೆರೆದ ಬಕೆಟ್‌ನಲ್ಲಿ, ದಪ್ಪ ಕೈಗವಸು ಹಾಕಿಕೊಂಡು ಬಳಸಿದರೆ ಪರವಾಗಿಲ್ಲ. ಮುಚ್ಚಳವಿರುವ ಬಾಟಲಿಗೆ ಹಾಕಿದರೆ ಬಾಂಬಿನಂತೆ ಸಿಡಿಯುತ್ತದೆ. ಅಂಗಡಿಯಿಂದ ತರುವಾಗ ಕಾರಿನ ಕಿಟಕಿ ಇಳಿಸಿಯೇ ತನ್ನಿ. ಬಾಯಿಗಂತೂ ಹಾಕಲೇಬಾರದು. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರ ಕೊಟ್ಟ ಡ್ರೈ ಐಸ್ ತಿಂದ ಐವರು ಬಾಯಲ್ಲಿ ರಕ್ತ ಬಂದು ಆಸ್ಪತ್ರೆ ಸೇರಿದ್ದು ನೆನಪಿರಬಹುದು. ಆ ವರ್ಷವೇ ದಾವಣಗೆರೆಯಲ್ಲಿ ಬಾಲಕ 'ಸ್ಮೋಕ್ ಬಿಸ್ಕೆಟ್' ತಿಂದು ಒದ್ದಾಡಿದ ವಿಡಿಯೋ ಬಂತಲ್ಲ, ಅದು ಬೇರೆ ವಸ್ತು. ಅದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಎರಡನ್ನೂ ಒಂದೇ ಎಂದು ಬರೆದ ಫಾರ್ವರ್ಡ್‌ಗಳು ಈಗಲೂ ಓಡಾಡುತ್ತಿವೆ.

ಸುಲಭದ ದಾರಿ ಎಂದರೆ ಸಾಧಾರಣ ಫಾಗ್ ಮಷೀನ್. ಅದರ ಮಂಜು ಬೆಚ್ಚಗಿರುವುದರಿಂದ ಮೇಲೇರಿ ಚದುರಿಹೋಗುತ್ತದೆ. ಮಾಮೂಲಿ ಐಸ್ ತುಂಬಿದ ಡಬ್ಬಿಯೊಳಗಿಂದ ಹಾಯಿಸಿದರೆ ತಣ್ಣಗಾಗಿ ನೆಲದ ಮೇಲೇ ಹರಿಯುತ್ತದೆ. ಆಸ್ತಮಾ ಇರುವವರು ದೂರ ನಿಂತರೆ ಒಳ್ಳೆಯದು.

ಮೈಕ್ರೋವೇವ್ ಬಿಚ್ಚುವವರಿಗೆ

ಹುಚ್ಚು ವಿಜ್ಞಾನಿಯ ಲ್ಯಾಬಿನಲ್ಲಿ ಎರಡು ಸರಳುಗಳ ನಡುವೆ ಕಿಡಿ ಏಣಿ ಹತ್ತುವುದನ್ನು ಸಿನಿಮಾಗಳಲ್ಲಿ ನೋಡಿದ್ದೇವೆ. ಕಿಡಿಯಿಂದ ಬಿಸಿಯಾದ ಗಾಳಿ ಮೇಲೇರುತ್ತದೆ, ಜೊತೆಗೆ ಕಿಡಿಯೂ ಏರುತ್ತದೆ, ಅಷ್ಟೇ. ಇದನ್ನು ಕೆಟ್ಟುಹೋದ ಮೈಕ್ರೋವೇವ್‌ನ ಟ್ರಾನ್ಸ್‌ಫಾರ್ಮರ್‌ನಿಂದ ಪುಕ್ಕಟೆ ಮಾಡಬಹುದು ಎನ್ನುತ್ತವೆ ವಿಡಿಯೋಗಳು.

ಮಾಡಬಹುದು. ಸಾಯಲೂಬಹುದು. ಆ ಟ್ರಾನ್ಸ್‌ಫಾರ್ಮರ್ ಹೊರಬಿಡುವುದು ಸುಮಾರು 2,000 ವೋಲ್ಟ್, ಅದೂ ಹೃದಯ ನಿಲ್ಲಿಸಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕರೆಂಟಿನೊಂದಿಗೆ. ಪ್ಲಗ್ ಕಿತ್ತ ಮೇಲೂ ಮೈಕ್ರೋವೇವ್‌ನ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಇದೇ ಟ್ರಾನ್ಸ್‌ಫಾರ್ಮರ್‌ನಿಂದ ಮರದ ಮೇಲೆ ಮಿಂಚಿನ ಚಿತ್ತಾರ ಸುಡುವ ಹುಚ್ಚು ಅಮೆರಿಕದಲ್ಲಿ 30ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿದೆ. ಅಲ್ಲಿನ ಮರಗೆತ್ತನೆಗಾರರ ಸಂಘ ತನ್ನ ಕಾರ್ಯಕ್ರಮಗಳಲ್ಲಿ ಅದನ್ನು ನಿಷೇಧಿಸಿದೆ.

ನಮ್ಮ ಹೊರಗಿನ ಪ್ಲಗ್‌ನಲ್ಲಿ ಶಾಕ್ ತಡೆಯುವ ಸ್ವಿಚ್ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅಮೆರಿಕದ ಮನೆಗಳ ಜಿಎಫ್‌ಸಿಐ ಪ್ಲಗ್ ಸುಮಾರು 5 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುತ್ತದೆ, ನಿಜ. ಆದರೆ ಅದು ನೋಡುವುದು ಗೋಡೆಯಿಂದ ಹೋದ ಕರೆಂಟ್ ಪೂರ್ತಿ ವಾಪಸ್ ಬಂತೇ ಎಂದು ಮಾತ್ರ. ಟ್ರಾನ್ಸ್‌ಫಾರ್ಮರ್‌ನ ಆಚೆ ಬದಿಯ ತಂತಿ ಸುರುಳಿಗೂ ಗೋಡೆಗೂ ನೇರ ಸಂಪರ್ಕವಿಲ್ಲ. ಆ ಬದಿಯಲ್ಲಿ ಮನುಷ್ಯನ ಮೈಯೊಳಗೆ ಕರೆಂಟ್ ಹರಿದರೂ ಈ ಬದಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಸ್ವಿಚ್‌ಗೆ ಏನೂ ಗೊತ್ತಾಗುವುದೇ ಇಲ್ಲ.

ಊರಿನಲ್ಲಿ ಕುಳಿತು ಈ ವಿಡಿಯೋ ನೋಡಿ ಮಾಡುವವರಿಗೆ ಇನ್ನೊಂದು ಮಾತು. ಅಲ್ಲಿನದು 120 ವೋಲ್ಟ್, ನಮ್ಮದು 230. ನಮ್ಮ ಮನೆಗಳಲ್ಲಿ ಆರ್‌ಸಿಸಿಬಿ ಇದ್ದರೂ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು, ಹಲವು ಮನೆಗಳಲ್ಲಿ ಅದೂ ಇಲ್ಲ. ಗಣೇಶನ ಪೆಂಡಾಲಿಗೋ ಕಾಲೇಜು ಫೆಸ್ಟ್‌ಗೋ ಅಮೆರಿಕದ ಸರ್ಕ್ಯೂಟನ್ನು ಹಾಗೆಯೇ ನಕಲು ಮಾಡಬೇಡಿ.

ಉಳಿದ ಸಣ್ಣಪುಟ್ಟವು

ಮೋಡಿ ಬೇಕೆನ್ನುವವರಿಗೆ ಗಾಜೊಂದೇ ಸಾಕು. 1862ರಲ್ಲಿ ಲಂಡನ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬಾತ ಓರೆಯಾಗಿ ನಿಲ್ಲಿಸಿದ ಗಾಜಿನಲ್ಲಿ, ಮರೆಯಲ್ಲಿ ನಿಂತ ನಟನ ಪ್ರತಿಬಿಂಬ ಮೂಡಿಸಿ ವೇದಿಕೆಗೆ ದೆವ್ವ ತಂದ. ಡಿಸ್ನಿಲ್ಯಾಂಡ್‌ನ ದೆವ್ವದ ಮನೆಯಲ್ಲಿ ಇವತ್ತಿಗೂ ಅದೇ ತಂತ್ರ.

ಹಿಗ್ಗಿಸಿ ಕಟ್ಟುವ ಕೃತಕ ಜೇಡರಬಲೆಯಲ್ಲಿ ಹಕ್ಕಿಗಳು, ಬಾವಲಿಗಳು ಸಿಕ್ಕಿಕೊಳ್ಳುತ್ತವೆ. ದಪ್ಪ ಹಗ್ಗದ ಬಲೆ ಹೆಣೆಯಿರಿ. ಥರ್ಮಾಕೋಲ್ ಗೋರಿಕಲ್ಲಿಗೆ ಸ್ಪ್ರೇ ಪೇಂಟ್ ಹೊಡೆದರೆ ಕರಗಿ ಹಳೇ ಕಲ್ಲಿನಂತಾಗುತ್ತದೆ ಎಂಬುದು ನಿಜವೇ, ಆದರೆ ಆ ಹೊಗೆ ಒಳ್ಳೆಯದಲ್ಲ. ಗೋಡೆಗೆ ಬಳಿಯುವ ಎಮಲ್ಷನ್ ಸಾಕು.

ದೆವ್ವವನ್ನು ರಸ್ತೆಗೆ ಅಂಟಿಕೊಂಡಂತೆ ನಿಲ್ಲಿಸಬೇಡಿ. 1975ರಿಂದ 2016ರವರೆಗಿನ 42 ವರ್ಷಗಳ ಅಮೆರಿಕದ ಅಂಕಿಅಂಶ ನೋಡಿದ ಒಂದು ಅಧ್ಯಯನದ ಪ್ರಕಾರ, ಹ್ಯಾಲೋವೀನ್ ಸಂಜೆ ವಾಹನ ಬಡಿದು ಪಾದಚಾರಿಗಳು ಸಾಯುವ ಸಂಭವ ಆಸುಪಾಸಿನ ದಿನಗಳಿಗಿಂತ 43% ಹೆಚ್ಚು. ಕತ್ತಲಲ್ಲಿ ಮಕ್ಕಳು ಓಡಾಡುವ ರಾತ್ರಿ ಅದು. ಚಾಲಕರ ಕಣ್ಣಿಗೆ ಹೊಡೆಯುವ ದೀಪ, ಕಾಲಿಗೆ ತೊಡರುವ ವೈರು ಎರಡೂ ಬೇಡ.

ತೆಳು ಹತ್ತಿಬಟ್ಟೆಯ ಹತ್ತಿರ ಮೇಣದಬತ್ತಿ ಇಡಬಾರದೆಂದು ಎಲ್ಲರಿಗೂ ಗೊತ್ತು. ಬದಲಿಗೆ ಬ್ಯಾಟರಿ ದೀಪ ಇಡುತ್ತೇವೆ, ಅದೇ ಸರಿ. ಆದರೆ ಆ ಪುಟ್ಟ ದೀಪಗಳಲ್ಲಿ ಹಲವಕ್ಕೆ ನಾಣ್ಯದಾಕಾರದ ಲಿಥಿಯಂ ಸೆಲ್ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಸೆಲ್ಲಿನ ಮುಚ್ಚಳ ಮಕ್ಕಳ ಕೈಯಲ್ಲಿ ತೆರೆಯದಂತಿರಬೇಕು ಎಂದು ಅಮೆರಿಕ 2022ರಲ್ಲಿ ಕಾನೂನನ್ನೇ ತಂದಿದೆ, ಹಳೇ ದೀಪಗಳಿಗೆ ಆ ಭದ್ರತೆ ಇಲ್ಲ. ಸ್ಕ್ರೂ ಇರುವ ಮುಚ್ಚಳದ್ದನ್ನೇ ಕೊಳ್ಳಿ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಬೆಳಗಾಗಲಿ ಎಂದು ಕಾಯದೆ, ಆಗಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.