ಕೊಯ್ಯುವವಳ ಕೈಯಳತೆ

ಚಾಕು ಮಾಡಲು ಕಲಿಯುವವರು ಮೊದಲ ಹತ್ತನ್ನು ಕಂಡದ್ದು ಕಂಡ ಹಾಗೆ ಮಾಡಬೇಕು, ಸ್ವಂತ ಮಾದರಿಯ ಮಾತೆಲ್ಲ ಆಮೇಲೆ ಎನ್ನುವ ಉಪದೇಶ ಕೇಳಿ ಕೇಳಿ ನನಗೆ ಸಾಕಾಗಿದೆ. ಎರಡು ವರ್ಷದಿಂದ ಭಾನುವಾರಗಳಂದು ಊರಿನ ಕುಲುಮೆಗೆ ಹೋಗಿ ಅಡಿಗೆಮನೆಯ ಚಾಕು ಮಾಡುವುದನ್ನು ಕಲಿಯುತ್ತಿದ್ದೇನೆ. ಐವತ್ತು ದಾಟಿದ ಅಕ್ಕೋರಿಗೆ ಇದೆಂಥ ಹುಚ್ಚು ಎಂದು ನಗುವವರು ನಗಲಿ. ಈ ಉಪದೇಶ ಮಾಡುವವರಲ್ಲಿ ದಿನಾ ತರಕಾರಿ ಹೆಚ್ಚುವವರು ಒಬ್ಬರೂ ಇಲ್ಲವೆಂಬುದನ್ನು ಮಾತ್ರ ನಾನು ಗಮನಿಸಿದ್ದೇನೆ.

ಕಾಪಿ ಬರೆಸುವ ಕೆಲಸ ನನಗೆ ಹೊಸತಲ್ಲ. ಅಕ್ಷರ ದುಂಡಗಾಗಲಿ ಎಂದು ನಾನೂ ಬರೆಸುತ್ತೇನೆ. ಆದರೆ ಅಕ್ಷರ ಪೂರಾ ದುಂಡಗಾಗುವವರೆಗೆ ಸ್ವಂತ ವಾಕ್ಯ ಬೇಡವೆಂದು ಕಾದು ಕೂತರೆ, ಆ ಹುಡುಗರು ಕೊನೆಗೆ ಬರೆಯುವುದು ಗೈಡಿನ ಪ್ರಬಂಧವನ್ನೇ.

ನಮ್ಮ ಶಿರಸಿ ಸೀಮೆಯ ಮೆಟ್ಟುಗತ್ತಿಯನ್ನೇ ನೋಡಿ. ಮಣೆಯನ್ನು ಕಾಲು ಒತ್ತಿ ಹಿಡಿಯುತ್ತದೆ, ಎರಡೂ ಕೈ ಖಾಲಿ. ಕತ್ತಿ ನಿಂತಲ್ಲೇ ನಿಂತಿರುತ್ತದೆ, ಓಡಾಡುವುದು ಕಾಯಿ! ಹೆಚ್ಚುವುದಕ್ಕೆ ಒಂದು, ಅಡಿಕೆ ಸುಲಿಯುವುದಕ್ಕೆ ಇನ್ನೊಂದು. ನೆಲದ ಮೇಲೆ ಕೂತು ದುಡಿಯುವ ಮೈಗೆ ಹೇಳಿ ಮಾಡಿಸಿದ ಹಾಗಿದೆ. ಆಮೇಲೆ ಗ್ಯಾಸಿನ ಕಟ್ಟೆ ಬಂತು, ನಾವು ಎದ್ದು ನಿಂತೆವು. ನಿಂತ ಮೈಗೆ ಎಂಥ ಕತ್ತಿ ಬೇಕೆಂದು ನಮ್ಮನ್ನು ಕೇಳಿದವರು ಯಾರು? ಪೇಟೆಯಿಂದ ಬರುವ ಚಾಕುವಿನ ಅಲಗು ಎಷ್ಟು ಕಿರಿದೆಂದರೆ, ಬಾಯಿ ಮಣೆಗೆ ಮುಟ್ಟುವ ಮೊದಲೇ ಬೆರಳ ಗೆಣ್ಣು ಬಡಿಯುತ್ತದೆ. ಅದನ್ನೇ ಹತ್ತು ಸಲ ನಕಲು ಮಾಡಿದರೆ ಹತ್ತು ಸಲ ಗೆಣ್ಣು ಬಡಿಸಿಕೊಂಡಂತಾಯಿತು, ಅಷ್ಟೆ.

“ಅಕ್ಕೋರೆ, ನಿಮ್ಮ ಚಿತ್ರ ಕಬ್ಬಿಣಕ್ಕೆ ಗೊತ್ತಿರೂದಿಲ್ಲ” ಎಂದರು ನಮ್ಮ ಆಚಾರಿಯವರು. ಇದು ತೂಕದ ಆಕ್ಷೇಪ. ಅಲಗು ಹಿಡಿಯನ್ನು ಸೇರುವಲ್ಲಿ ಚೂಪು ಮೂಲೆ ಬಿಟ್ಟರೆ, ಕೆಂಪಗೆ ಕಾದ ಕತ್ತಿಯನ್ನು ಎಣ್ಣೆಗೆ ಅದ್ದಿದಾಗ ಬಿರುಕು ಹುಟ್ಟುವುದು ಅಲ್ಲೇ. ಆ ಮೂಲೆಯನ್ನು ದುಂಡಗೆ ತೀಡಬೇಕು. ಬಾಯನ್ನು ಮೊದಲೇ ತೆಳ್ಳಗೆ ಮಾಡಿದರೆ ಅದ್ದುವಾಗ ಸೊಟ್ಟಗಾಗುತ್ತದೆ. ಒಂದು ಮಿಲಿಮೀಟರಿನಷ್ಟಾದರೂ ದಪ್ಪ ಉಳಿಸಿಕೊಂಡು, ಹದ ಕೊಟ್ಟ ಮೇಲೆ ಸಾಣೆ ಹಿಡಿಯಬೇಕು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ 770 ಡಿಗ್ರಿಯ ಸುಮಾರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ; ಅದಕ್ಕಿಂತ ತುಸು ಮೇಲೆ ಕಾಯಿಸಿ ಅದ್ದಬೇಕು. ಆಮೇಲೆ 200 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಇಟ್ಟು ಬಿರುಸು ಇಳಿಸದಿದ್ದರೆ ಬಾಯಿ ಚಕ್ಕೆಯೇಳುತ್ತದೆ. ಈ ಲೆಕ್ಕವೆಲ್ಲ ಆಚಾರಿಯವರ ಕಣ್ಣಿನಲ್ಲಿದೆ, ನನ್ನದು ನೋಟುಬುಕ್ಕಿನಲ್ಲಿದೆ. ಇಲ್ಲಿ ನಾನು ಶಿಷ್ಯೆ, ಮರುಮಾತಿಲ್ಲ. ಆದರೆ ಇದ್ಯಾವುದೂ ನಕಲು ಮಾಡಿದ್ದರಿಂದ ತಿಳಿದದ್ದಲ್ಲ. ಸಿದ್ಧವಾದ ಕತ್ತಿ ತನ್ನ ಆಕಾರವನ್ನು ತೋರಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ನಾನೇ ಗೆರೆ ಎಳೆದುಕೊಂಡು ಹೋದದ್ದರಿಂದ “ಈ ಮೂಲೆ ಯಾಕಾಗದು?” ಎಂದು ಕೇಳಲು ಬಂತು.

ಇನ್ನು ಸ್ವಂತ ಮಾದರಿಯೆಂದರೆ ಸಿನಿಮಾದ ಖಡ್ಗದ ಹಾಗೆ ಹಲ್ಲು, ಕೊಂಬು, ಸುರುಳಿ ಬರೆದು ತರುವ ಹುಡುಗರಿದ್ದಾರೆ. ಅವರಿಗೆ ಒಂದು ಸೌತೆಕಾಯಿ ಕೊಟ್ಟು ಹೆಚ್ಚಲು ಹೇಳಿದರೆ ಸಾಕು.

ನನ್ನ ಕ್ರಮ ಬಹಳ ಸರಳ. ಮೊದಲು ದೂರು, ಆಮೇಲೆ ಚಿತ್ರ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವ ಇಬ್ಬರು ಹೆಂಗಸರು ದಿನಾ ಬೆಳಿಗ್ಗೆ ಬುಟ್ಟಿಗಟ್ಟಲೆ ತರಕಾರಿ ಹೆಚ್ಚುತ್ತಾರೆ. ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡೇ ಕೆಲಸ. ಅಲಗಿನ ಬೆನ್ನು ಅಲ್ಲಿ ಒತ್ತುತ್ತದೆ. ಬೆನ್ನಿನ ಅಂಚನ್ನು ಅರದಿಂದ ದುಂಡಗೆ ಉಜ್ಜಿದರೆ ಹೋಗುವ ನೋವು ಇದು! ಎಷ್ಟೋ ವರ್ಷದಿಂದ ಯಾರಿಗೂ ಹೊಳೆದಿಲ್ಲ, ಯಾಕೆಂದರೆ ಮಾಡುವವರು ಅದರಲ್ಲಿ ಕೊಯ್ಯುವುದಿಲ್ಲ, ಕೊಯ್ಯುವವರನ್ನು ಯಾರೂ ಕೇಳುವುದಿಲ್ಲ.

ಹಳೆಯ ಚಾರ್ಟಿನ ಹಿಂಬದಿಯಲ್ಲಿ ಗೆರೆ ಎಳೆದೆ: ಅಲಗು ಐದು ಇಂಚು ಉದ್ದ, ಹಿಡಿಯ ಬುಡದಲ್ಲಿ ಬೆನ್ನಿನಿಂದ ಬಾಯಿಗೆ ಒಂದೂಮುಕ್ಕಾಲು ಇಂಚು, ಗೆಣ್ಣು ಮಣೆಗೆ ತಾಗದಷ್ಟು. ಅದರಂತೆ ರಟ್ಟು, ರಟ್ಟಿನಿಂದ ಪ್ಲೈವುಡ್ಡು. ಮರದ ಚಾಕು ಹಿಡಿದು ಅಡಿಗೆಕೋಣೆಯಲ್ಲಿ ಹೆಚ್ಚುವ ಅಭಿನಯ ಮಾಡಿದ್ದಕ್ಕೆ ಮಕ್ಕಳು ಕಿಟಕಿಯಲ್ಲಿ ಇಣುಕಿ ನಕ್ಕವು. ಕಬ್ಬಿಣ ಇನ್ನೂ ಬೆಂಕಿಗೆ ಬಿದ್ದಿಲ್ಲ, ಖರ್ಚಾದದ್ದು ಒಂದು ರಟ್ಟು, ಒಂದು ಪ್ಲೈವುಡ್ ಚೂರು.

ಇಬ್ಬರಲ್ಲಿ ಹಿರಿಯಾಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಿಡಿ ಅರ್ಧ ಬೆರಳು ಗಿಡ್ಡ ಮಾಡ್ರಿ ಅಕ್ಕೋರೆ, ಹೊಟ್ಟೇಲಿ ಸ್ವಲ್ಪ ದಪ್ಪ ಇರ್ಲಿ, ಒದ್ದೆ ಕೈಲಿ ಜಾರ್‍ತದೆ” ಎಂದಳು. ಆಚಾರಿಯವರಿಗೆ ಈ ವಾರ ಕುಲುಮೆ ಹಚ್ಚುವುದು ಬೇಡವೆಂದು ಹೇಳಿ ಕಳಿಸಿದ್ದೇನೆ.